ಗಂಡನನ್ನು ಕೂರಿಸಿದ ಗೌರಮ್ಮ

ವಡೋದರಾದ ಮಂಜಲ್‌ಪುರದಲ್ಲಿ ಯಾವನಾದರೂ ಒಬ್ಬ ಕನ್ನಡದ ಹುಡುಗನನ್ನು ನಿಲ್ಲಿಸಿ ಗೌರಮ್ಮನ ಮನೆ ಎಲ್ಲಿ ಎಂದು ಕೇಳಿದರೆ, ದಾರಿ ತೋರಿಸುವ ಮೊದಲು ಅವನು ಒಂದು ಎಚ್ಚರಿಕೆ ಕೊಡುತ್ತಿದ್ದ: "ರೊಟ್ಟಿ ಚೆನ್ನಾಗಿರುತ್ತೆ, ಬಾಯಿ ಮಾತ್ರ ಸ್ವಲ್ಪ ಖಾರ." ಗದಗಿನ ಕಡೆಯ ಹೆಂಗಸು. ಮಕರಪುರಾದ ಕಾರ್ಖಾನೆಯೊಂದರಲ್ಲಿ ಲೇತ್ ತಿರುಗಿಸುತ್ತಿದ್ದ ಚನ್ನಬಸಪ್ಪನ ಕೈ ಹಿಡಿದು ಗುಜರಾತಿಗೆ ಬಂದವಳು. ರೂಮು ಮಾಡಿಕೊಂಡಿದ್ದ ಒಂಟಿ ಹುಡುಗರಿಗೆಲ್ಲ ಜೋಳದ ರೊಟ್ಟಿ ಬಡಿದು ಹಾಕುತ್ತ ಇಲ್ಲೇ ಮುದುಕಿಯಾಗುವ ಹಾದಿಯಲ್ಲಿದ್ದಳು.

ಹೊಂದಿಕೊಳ್ಳಲು ಬಾರದ ಹೆಂಗಸು ಎಂದು ಆಮೇಲೆ ಕೆಲವರು ಆಡಿಕೊಂಡರು. ಶುದ್ಧ ಸುಳ್ಳು. ನವರಾತ್ರಿಯಲ್ಲಿ ಮಂಡಿನೋವು ಮರೆತು ಗರ್ಬಾ ಕುಣಿಯುತ್ತಿದ್ದವಳು ಅವಳೇ. ಸಂಕ್ರಾಂತಿಯ ದಿನ ಎಳ್ಳು ಬೀರಿ, ಸಂಜೆ ಮಾಳಿಗೆ ಹತ್ತಿ ಪಟದ ದಾರ ಹಿಡಿದು ಮಕ್ಕಳಿಗಿಂತ ಜೋರಾಗಿ ಕಿರುಚುತ್ತಿದ್ದವಳೂ ಅವಳೇ. ಅವಳ ಸಾರಿಗೂ ಗುಜರಾತಿಗಳ ಹಾಗೆ ಬೆಲ್ಲ ಬೀಳತೊಡಗಿ ಎಷ್ಟೋ ವರ್ಷವಾಗಿತ್ತು. ಆದರೆ ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗಿದ್ದ ಇಷ್ಟಲಿಂಗವನ್ನು ಗಂಡಹೆಂಡತಿ ಇಬ್ಬರೂ ಒಂದು ದಿನವೂ ಇಳಿಸಿರಲಿಲ್ಲ. ಸತ್ತ ಮೇಲೆ ಸುಡಬಾರದು, ಅದೇ ಲಿಂಗವನ್ನು ಅಂಗೈಯಲ್ಲಿಟ್ಟು, ಪದ್ಮಾಸನದಲ್ಲಿ ಕೂರಿಸಿ, ಮಣ್ಣು ಕೊಡಬೇಕು. ಅವರ ಮನೆತನದಲ್ಲಿ ಬೇರೆ ಮಾತೇ ಇರಲಿಲ್ಲ. ಪರವೂರಿನಲ್ಲಿ ಇದಕ್ಕೆ ಜಾಗ ಎಲ್ಲಿ ಎಂಬ ಚಿಂತೆ ಚನ್ನಬಸಪ್ಪನಿಗೆ ಮೊದಲೇ ಹತ್ತಿತ್ತು. ಕನ್ನಡ ಸಂಘದ ಅಧ್ಯಕ್ಷರಾದ ಪ್ರೊಫೆಸರ್ ಸುಧನ್ವ ಅವರ ಹತ್ತಿರ ಹೋಗಿ, ಊರಾಚೆ ಒಂದಿಷ್ಟು ಜಾಗಕ್ಕೆ ಸಂಘದಿಂದ ಯಾರನ್ನಾದರೂ ಕೇಳಿ ಎಂದು ಬೇಡಿಕೊಂಡಿದ್ದ. ಸಂಘದ ಬೆಳ್ಳಿಹಬ್ಬ ಮುಗಿಯಲಿ ಎಂದರು. ಬೆಳ್ಳಿಹಬ್ಬ ಮುಗಿಯಿತು, ಜಾಗದ ಮಾತು ಅಲ್ಲಿಗೇ ನಿಂತಿತು.

ಸುಧನ್ವ ಅವರು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುವವರು. ಧರ್ಮಗಳ ಸಾರ ಇಡೀ ಲೋಕಕ್ಕೆ ಒಂದೇ, ಆಚಾರ ಮಾತ್ರ ಆಯಾ ನೆಲದ್ದು, ಆದ್ದರಿಂದ ಹೋದ ನೆಲಕ್ಕೆ ತಕ್ಕಂತೆ ಆಚಾರವನ್ನು ಬದಲಿಸಿಕೊಳ್ಳಬೇಕು ಎಂದು ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಭಾಷಣ ಮಾಡುತ್ತಿದ್ದರು. ಸಭೆಗೆ ಕುರ್ಚಿ ಹಾಕಿ, ಮುಗಿದ ಮೇಲೆ ಮಡಚಿಡುತ್ತಿದ್ದ ಚನ್ನಬಸಪ್ಪ ಹಿಂದಿನ ಸಾಲಿನಲ್ಲಿ ಕೂತು ಭಕ್ತಿಯಿಂದ ತಲೆದೂಗುತ್ತಿದ್ದ. ಗೌರಮ್ಮನಿಗೆ ಆ ಭಾಷಣ ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ನಿದ್ದೆ ಬರುತ್ತಿತ್ತು.

ಎರಡು ಸಾವಿರದ ಮೂರರ ಮೇ ತಿಂಗಳು. ಬೆಳಿಗ್ಗೆ ಪೂಜೆ ಮುಗಿಸಿ ಚಹಾಕ್ಕೆ ಕೈ ಚಾಚಿದ ಚನ್ನಬಸಪ್ಪ ಹಾಗೆಯೇ ಪಕ್ಕಕ್ಕೆ ವಾಲಿದ. ಎದುರಿನ ದವಾಖಾನೆಯ ಡಾಕ್ಟರು ಬಂದು ನಾಡಿ ಹಿಡಿದು ತಲೆ ಆಡಿಸಿದರು. ಗೌರಮ್ಮ ಎದೆ ಬಡಿದುಕೊಂಡು ಅತ್ತಳು. ಅಳುತ್ತಲೇ ಅವಳಿಗೆ ತವರಿನ ಹಿರಿಯರು ಮಾಡುತ್ತಿದ್ದುದು ನೆನಪಾಯಿತು: ಮೈ ಸೆಟೆಯುವ ಮೊದಲೇ ಕೂರಿಸಬೇಕು, ತಡವಾದರೆ ಆಗದು. ಕಣ್ಣೊರೆಸಿಕೊಂಡು ಎದ್ದಳು. ಕೆಳಗಿನ ಮನೆಯ ಚಂಪಾಬೆನ್ ಓಡಿ ಬಂದಳು. ಇಬ್ಬರೂ ಸೇರಿ ಅವನಿಗೆ ಸ್ನಾನ ಮಾಡಿಸಿ, ಗೋಡೆಗೆ ಒರಗಿಸಿ, ಕಾಲು ಮಡಚಿ ಕೂರಿಸಿದರು. ಎದೆಗೆ ಪಂಚೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದರು. ಹಣೆಗೆ ತುಂಬ ವಿಭೂತಿ ಬಳಿದು, ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ಗೌರಮ್ಮ ಮತ್ತೆ ಅಳಲು ಕೂತಳು. ಕೂರಿಸಿದ್ದಾಯಿತು, ಒಯ್ಯುವುದು ಎಲ್ಲಿಗೆ ಎಂದು ಅವಳು ಯೋಚಿಸಿಯೇ ಇರಲಿಲ್ಲ.

ಅಕ್ಕಪಕ್ಕದ ಗಂಡಸರು ಪಾಪ, ಒಳ್ಳೆಯವರೇ. ಬಿದಿರು ಕಟ್ಟಿ ಚಟ್ಟ ಹೊತ್ತು ಮೇಲೆ ಬಂದರು. ಬಂದವರು ಕೂತಿದ್ದ ಹೆಣವನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ಆ ಶುಂ ಕರ್ಯುಂ, ಮಾಸಿ?" ಎಂದ ಒಬ್ಬ. ಇದೇನು ಮಾಡಿದಿರಿ ಎಂದು. ಗೌರಮ್ಮ ತನ್ನ ಗುಜರಾತಿಯಲ್ಲಿ ಬಿಡಿಸಿ ಹೇಳಿದಳು. ಹೂಳುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ವಸತಿ ಸೊಸೈಟಿಯ ಸೆಕ್ರೆಟರಿಯ ಮುಖ ಕಪ್ಪಿಟ್ಟಿತು.

"ಹಿಂದೂಗಳು ಹೂಳುತ್ತಾರೆಯೇ, ಮಾಸಿ? ಜನ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಹೋದ ವರ್ಷ ಊರು ಹತ್ತಿ ಉರಿದದ್ದು ನೋಡಿದ್ದೀರಲ್ಲ?"

ನೋಡಿದ್ದಳು. ಬಾಗಿಲು ಹಾಕಿಕೊಂಡು, ಹೊಗೆ ನೋಡುತ್ತ, ದಿನಗಟ್ಟಲೆ ಕೂತಿದ್ದಳು. ಆಗ ಸುಟ್ಟದ್ದು ಸಾಲದೆ ಈಗ ಮಣ್ಣಿಗೂ ಜಾತಿ ಹಚ್ಚಿದರಲ್ಲ ಇವರು ಎಂದುಕೊಂಡಳು. ಆದರೆ ಅವರ ಮೇಲೆ ಹಾಯಲಿಲ್ಲ. ಇವರಿಗೆ ನಮ್ಮ ಪದ್ಧತಿ ಏನು ಗೊತ್ತು, ನಮ್ಮವರು ಬರಲಿ, ಸುಧನ್ವ ಸರ ಬರಲಿ, ಓದಿದವರು, ತಿಳಿಸಿ ಹೇಳುತ್ತಾರೆ ಎಂದು ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನಕ್ಕೆ ಮಗ ಲಿಂಗರಾಜ ಸೂರತ್ತಿನಿಂದ ಬಂದ. ಅಲ್ಲಿಯ ಅಡಾಜಣ್‌ನಲ್ಲಿ ಮನೆ, ಬಣ್ಣದ ಕಂಪನಿಯೊಂದರಲ್ಲಿ ಕೆಲಸ. ಇಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಅವನ ಕನ್ನಡ ಕುಂಟುತ್ತಿತ್ತು. ಸ್ಟೇಷನ್ನಿನಿಂದ ಅವನನ್ನು ತಮ್ಮ ಕಾರಿನಲ್ಲೇ ಕರೆತಂದ ಸುಧನ್ವ ದಾರಿಯಲ್ಲೇ ಅವನಿಗೆ ಎಲ್ಲ ತಿಳಿಸಿ ಹೇಳಿಯಾಗಿತ್ತು. ಲಿಂಗರಾಜ ಅಪ್ಪನ ಕಾಲಿಗೆ ಬಿದ್ದು ಅತ್ತು, ಅವ್ವನ ಮುಖ ನೋಡದೆ ನಿಂತ. ಮಾತನಾಡಿದ್ದು ಸುಧನ್ವ.

"ಗೌರಮ್ಮನವರೇ, ನಿಮ್ಮ ದುಃಖ ನನಗೆ ಅರ್ಥವಾಗುತ್ತೆ. ಆದರೆ ನೋಡಿ, ಮಣ್ಣೂ ಒಂದೇ, ಬೆಂಕಿಯೂ ಒಂದೇ. ಎರಡೂ ಪಂಚಭೂತಗಳಲ್ಲಿ ಸೇರಿದ್ದೇ. ಮುಖ್ಯವಾದದ್ದು ಸಾರ. ಈ ನೆಲದಲ್ಲಿ ಸುಡುವುದು ಪದ್ಧತಿ. ನೆಲಕ್ಕೆ ತಕ್ಕಂತೆ ನಾವು ಹೊಂದಿಕೊಳ್ಳಬೇಕು. ಚನ್ನಬಸಪ್ಪನವರೂ ಇದನ್ನು ಒಪ್ಪುತ್ತಿದ್ದರು."

"ಅವರು ಒಪ್ತಿದ್ರು ಅಂತ ನಿಮಗ ಯಾರು ಹೇಳಿದ್ರು? ಜಾಗಾ ಕೊಡಸ್ರಿ ಅಂತ ನಿಮ್ಮ ಮನೀ ಬಾಗಲಕ ಅಲೆದಾವ್ರು ಅವ್ರಾ ಅಲ್ಲೇನು?"

"ಆ ವಿಷಯ ಈಗ ಬೇಡ. ಲಿಂಗರಾಜ ಒಪ್ಪಿದ್ದಾನೆ, ಶವವಾಹಿನಿಗೂ ಹೇಳಿ ಆಗಿದೆ." ಸುಧನ್ವ ಕೂತಿದ್ದ ಚನ್ನಬಸಪ್ಪನ ಕಡೆ ತಿರುಗಿ ನೋಡಿದರು. ಹೊತ್ತೇರಿತ್ತು, ಮೈ ಪೂರ್ತಿ ಸೆಟೆದಿತ್ತು. "ಒಂದೇ ತೊಂದರೆ. ವಾಹನದಲ್ಲಿ ಮಲಗಿಸಬೇಕಲ್ಲ... ನಾಲ್ಕು ಜನ ಸೇರಿ ಕಾಲನ್ನು ಸ್ವಲ್ಪ ಒತ್ತಿ ನೇರ ಮಾಡಿದರೆ ಆಯಿತು."

ಸ್ವಲ್ಪ ಒತ್ತಿ. ಗೌರಮ್ಮ ಎದ್ದು ನಿಂತಳು.

"ಒತ್ತೋದಂದ್ರ ಏನ್ರಿ ಸರ? ಎಲುಬು ಮುರಿಯೋದು ಅಂತ ಬಾಯಿಬಿಟ್ಟು ಹೇಳ್ರಿ! ಕೂತ ಮನಶ್ಯಾನ ಮಣಕಾಲು ಲಟಕ್ಕಂತ ಮುರದು, ಬಿದರಿಗೆ ಬಿಗದು, ಬೆಂಕಿಗೆ ಹಾಕೋದು, ಇದಾ ಏನ್ ನಿಮ್ಮ ಸಾರ? ನಿಮ್ಮ ತಂದಿಯವರ ತಿಥಿಗೆ ನಲ್ಲೀ ನೀರು ನಡಿಯಂಗಿಲ್ಲ, ಬಾವೀ ನೀರಾ ಆಗಬೇಕು ಅಂದ್ರಿ. ಊರಿಂದ ಆಚಾರ್ರನ್ನ ಕರಸಿದ್ರಿ. ಈ ಊರಾಗ ಬಾವಿ ಎಲ್ಲಿ ಐತಿ ಅಂತ ಸೈಕಲ್ ತುಳದು ಹುಡುಕಿ, ಕೊಡಾ ಕಟಗೊಂಡು ನೀರು ತಂದು ಕೊಟ್ಟಾವ್ರು ಯಾರ್ರೀ? ಅಲ್ಲಿ ಕುಂತಾರ ನೋಡ್ರಿ! ಅವತ್ತ ಯಾಕ ನೀರೆಲ್ಲ ಒಂದಾ ಅನಲಿಲ್ಲ? ಹೊಂದಕೊಳ್ಳೋದು ಅನ್ನೋದು ನಮಗಷ್ಟಾ ಏನು?"

ಸುಧನ್ವ ಕೆಮ್ಮಿದರು. ಅದೂ ಇದೂ ಒಂದೇ ಅಲ್ಲ, ಅದರ ಹಿನ್ನೆಲೆ ಬೇರೆ ಎಂದು ಏನೋ ಹೇಳಹೊರಟು, ಸುತ್ತಲಿನವರ ಮುಖ ನೋಡಿ ಕಾರಿನ ಕೀಲಿ ತಡಕಿದರು. ಕನ್ನಡ ಬಾರದ ಸೆಕ್ರೆಟರಿಗೂ ಮಾತಿನ ತಾಪ ತಟ್ಟಿರಬೇಕು, ಮೆಲ್ಲಗೆ ಚಟ್ಟವನ್ನು ಗೋಡೆಗೆ ಒರಗಿಸಿದ. ಸಂಜೆಯವರೆಗೆ ನೀವೇ ಯೋಚಿಸಿ ಎಂದು ಹೇಳಿ ಸುಧನ್ವ ಕಾರು ಹತ್ತಿದರು.

ಆಗ ಚಂಪಾಬೆನ್ ಗೌರಮ್ಮನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ತರಕಾರಿ ಸಾಗಿಸುವ ಟೆಂಪೋದವನ ಹೆಂಡತಿ. ಎಷ್ಟೋ ವರ್ಷದಿಂದ ಮೇಲೆ ಕೆಳಗೆ ಮನೆ, ಹಿಟ್ಟು ಸಕ್ಕರೆ ಕೊಟ್ಟು ತೆಗೆದುಕೊಳ್ಳುವ ಬಳಕೆ.

"ಬೆಳಿಗ್ಗೆ ಕಾಕಾನನ್ನು ಕೂರಿಸುವಾಗಲೇ ಅಂದುಕೊಂಡೆ, ಮಾಸಿ," ಎಂದಳು ಅರ್ಧ ಹಿಂದಿ ಅರ್ಧ ಗುಜರಾತಿಯಲ್ಲಿ. "ನಾವು ಗೋಸ್ವಾಮಿಗಳು, ಶಿವನವರು. ನನ್ನ ಮಾವನನ್ನೂ ಹೀಗೇ ಕೂರಿಸಿ ಸಮಾಧಿ ಮಾಡಿದ್ದು. ಪಾದ್ರಾ ರಸ್ತೆಯ ನಮ್ಮ ಹಳ್ಳಿಯಲ್ಲಿ ಜಾಗ ಇದೆ. ಹಿರಿಯರನ್ನು ಕೇಳಿ ನೋಡೋಣವೇ?"

ಗೌರಮ್ಮ ಅವಳ ಮುಖವನ್ನೇ ನೋಡಿದಳು. ಇಷ್ಟು ವರ್ಷ ಉಪ್ಪಿನಕಾಯಿಯಿಂದ ಹಿಡಿದು ಸೊಸೆಯರವರೆಗೆ ಎಲ್ಲ ಮಾತಾಡಿದ್ದರು, ಸತ್ತವರನ್ನು ಏನು ಮಾಡುತ್ತೀರಿ ಎಂದು ಮಾತ್ರ ಒಬ್ಬರನ್ನೊಬ್ಬರು ಕೇಳಿರಲಿಲ್ಲ. ಗೋಸ್ವಾಮಿ ಎಂದರೆ ಇವರ ಅಡ್ಡಹೆಸರು, ಅಷ್ಟೇ ಎಂದುಕೊಂಡಿದ್ದಳು.

ಹಳ್ಳಿಗೆ ಫೋನು ಹೋಯಿತು, ಚಂಪಾಬೆನ್ನಳ ಗಂಡನ ಟೆಂಪೋ ಬಂದು ನಿಂತಿತು. ಲಿಂಗರಾಜ ಇನ್ನೂ ಹಿಂದೆ ಮುಂದೆ ನೋಡುತ್ತಿದ್ದ. "ಅವ್ವಾ, ಓಪನ್ ಟೆಂಪೋದಾಗ... ಕೂಡ್ಸಿ? ಲೋಗ್ ಕ್ಯಾ ಕಹೇಂಗೆ?"

"ನಿನ್ನ ಲೋಗ್ ಹಾಳಾಗಿ ಹೋಗ್ಲಿ. ನಿಮ್ಮಪ್ಪನ್ನ ಎತ್ತು."

ಎತ್ತಿದ. ಕುರ್ಚಿಯ ಮೇಲೆ ಕೂರಿಸಿ, ಹೂವಿನ ಹಾರ ಹಾಕಿ, ಕುರ್ಚಿಯನ್ನು ಟೆಂಪೋಗೆ ಬಿಗಿದರು. ಹೆಂಗಸರು ಬರುವ ಪದ್ಧತಿಯಿಲ್ಲ ಎಂದು ಯಾರೋ ಗೊಣಗಿದ್ದಕ್ಕೆ ಗೌರಮ್ಮ ಕಿವಿಗೊಡದೆ ಹತ್ತಿ ಗಂಡನ ಪಕ್ಕ ನಿಂತಳು. ಚಂಪಾಬೆನ್ನಳೂ ಹತ್ತಿದಳು. ಮಕರಪುರಾದ ಕಾರ್ಖಾನೆಯ ಗೇಟಿನ ಮುಂದೆ ಪಾಳಿ ಬಿಟ್ಟು ಬರುತ್ತಿದ್ದವರು, ತಮ್ಮ ಲೇತ್‌ನ ಚನ್ನಬಸಪ್ಪ ಮದುಮಗನ ಹಾಗೆ ಹಾರ ಹಾಕಿಕೊಂಡು ಕೂತು ಹೋಗುವುದನ್ನು ನೋಡಿದರು. ಮೊದಲು ಬೆಪ್ಪಾದರು, ಆಮೇಲೆ ಒಬ್ಬೊಬ್ಬರಾಗಿ ಕೈ ಮುಗಿದರು. ಗೌರಮ್ಮನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸರಾಗವಾಯಿತು.

ಹಳ್ಳಿಯ ಬೇವಿನ ಮರದ ಕೆಳಗೆ ಹಿರಿಯ ಶಂಭುಗಿರಿ ಕಾಯುತ್ತಿದ್ದ. ಒಣಕಲು ಮುದುಕ, ಕಾವಿಯ ಪೇಟ. ಪರಜಾತಿಯವರಿಗೆ ಇಲ್ಲಿ ಜಾಗ ಕೊಟ್ಟದ್ದಿಲ್ಲ ಎಂದೇ ಮಾತು ಶುರು ಮಾಡಿದ. ಗೌರಮ್ಮ ವಾದ ಮಾಡಲಿಲ್ಲ. ಗಂಡನ ಅಂಗೈಯ ಮೇಲೆ ಮುಚ್ಚಿದ್ದ ಹೂ ಸರಿಸಿದಳು.

ಮುದುಕ ಬಗ್ಗಿ ನೋಡಿದ. "ಮಹಾದೇವ! ಇದನ್ನು ಮೈಮೇಲೇ ಇಟ್ಟುಕೊಂಡಿದ್ದನೇ?"

"ಹುಟ್ಟಿದಾಗ ಕಟ್ಟಿದ್ದು. ಒಂದು ದಿನವೂ ಇಳಿಸಿಲ್ಲ."

ಶಂಭುಗಿರಿ ಜೋಡು ಬಿಟ್ಟು ಚನ್ನಬಸಪ್ಪನಿಗೆ ಕೈ ಮುಗಿದ. ಆಮೇಲೆ ತನ್ನವರನ್ನು ಕರೆದು, ಅಗೆಯಿರಿ ಎಂದ.

ಗುಂಡಿಯಾಯಿತು. ಆದರೆ ಗೌರಮ್ಮನಿಗೆ ಇನ್ನೊಂದು ಕೊರಗು ಉಳಿದಿತ್ತು. ಊರಿನಲ್ಲಾದರೆ ಜಂಗಮಯ್ಯ ಬಂದು ಸತ್ತವನ ತಲೆಯ ಮೇಲೆ ಪಾದವಿಟ್ಟು ಕಳಿಸುತ್ತಾರೆ. ಇಲ್ಲಿ ಅಯ್ಯನವರು ಎಲ್ಲಿಂದ ಬರಬೇಕು? ನೀವೇ ಪಾದ ಇಡಿ ಎಂದು ಶಂಭುಗಿರಿಯನ್ನು ಕೇಳಿದಳು. ಅವನು ಬೆಚ್ಚಿ ಹಿಂದೆ ಸರಿದ. ಲಿಂಗ ಹಿಡಿದು ಕೂತವನ ತಲೆಗೆ ಕಾಲೇ, ನನ್ನಿಂದಾಗದು ತಾಯಿ ಎಂದ. ಅವಳಿಗೆ ಮತ್ತೆ ಸಿಟ್ಟು ನೆತ್ತಿಗೇರಿತು, ಇಲ್ಲೂ ಇದೇ ಹಣೆಬರಹವೇ ಎನಿಸಿತು. ಆದರೆ ಮುದುಕ ಸುಡುವ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಿಂತಿದ್ದ, ಅವಳ ಗಂಡನಿಗೆ ಕೈ ಮುಗಿದುಕೊಂಡೇ ನಿಂತಿದ್ದ. "ಹಾಗಾದರೆ ಕೈ ಇಡಿ, ಬಾಪು," ಎಂದಳು. ಶಂಭುಗಿರಿ ಎರಡೂ ಅಂಗೈಗೆ ಭಸ್ಮ ಬಳಿದುಕೊಂಡು ಚನ್ನಬಸಪ್ಪನ ನೆತ್ತಿಯ ಮೇಲಿಟ್ಟ. ಗೌರಮ್ಮ ಕಣ್ಣು ಮುಚ್ಚಿಕೊಂಡಳು. ಒಪ್ಪಿಗೆಯಾಯಿತು.

ಗುಂಡಿಯೊಳಗೆ ಇಳಿದು ಅಪ್ಪನ ಬೆನ್ನು ನೆಟ್ಟಗೆ ಹಿಡಿಯಲು ಒಬ್ಬರು ಬೇಕಾಗಿತ್ತು. ಯಾರೂ ಹೇಳದೆ ಲಿಂಗರಾಜನೇ ಚಪ್ಪಲಿ ಬಿಟ್ಟು ಇಳಿದ. ಮೇಲಿನಿಂದ ಉಪ್ಪು, ಬಿಲ್ವಪತ್ರೆ, ವಿಭೂತಿ ಬೀಳುತ್ತಿದ್ದಂತೆ ಅಪ್ಪನ ಎರಡೂ ಭುಜ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಮನೆಯ ಹತ್ತಿರ ವಿಚಾರಿಸಿಕೊಂಡು ಹಿಂದೆಯೇ ಹೊರಟಿದ್ದ ಸುಧನ್ವ ಅವರ ಕಾರು ಬಂದು ನಿಂತದ್ದು ಆಗಲೇ. ಕೊರಳಲ್ಲಿ ಕ್ಯಾಮರಾ ಬೇರೆ. ಗುಂಡಿ, ಕಾವಿಯ ಪೇಟ, ಭಸ್ಮ ಎಲ್ಲವನ್ನೂ ನೋಡಿ ಅವರ ಮುಖ ಅರಳಿತು.

"ಅದ್ಭುತ, ಗೌರಮ್ಮನವರೇ! ನಾನು ಇಷ್ಟು ವರ್ಷ ಹೇಳುತ್ತಿದ್ದುದು ಇದನ್ನೇ. ಸಾರ ಉಳಿಸಿಕೊಂಡು ಸ್ಥಳೀಯ ಆಚಾರಕ್ಕೆ ಹೊಂದಿಕೊಳ್ಳುವುದು! ಮುಂದಿನ ತಿಂಗಳು ಅಹಮದಾಬಾದಿನಲ್ಲಿ ವಿಚಾರ ಸಂಕಿರಣವಿದೆ. ನೀವೂ ಬಂದು ನಾಲ್ಕು ಮಾತಾಡಬೇಕು. ಈಗ ಒಂದೇ ಒಂದು ಫೋಟೋ..."

"ಕ್ಯಾಮರಾ ಕೆಳಗಿಡ್ರಿ." ಗೌರಮ್ಮನ ದನಿ ಏರಲಿಲ್ಲ. "ನೀವು ಹೇಳಿದ್ದು ಇದನ್ನಲ್ಲ. ನೀವು ಹೇಳಿದ್ದು ಕಾಲು ಮುರದು ಸುಡ್ರಿ ಅಂತ. ಇದನ್ನ ಮಾಡಿದಾಕಿ ಚಂಪಾ. ಮಾಡಿದಾವ್ರು ಈ ಅಜ್ಜಾರು. ನಾನು ಬಿಟ್ಟಿದ್ದು ಏನು, ಉಳಿಸಿಕೊಂಡಿದ್ದು ಏನು ಅಂತ ನನಗ ಗೊತ್ತೈತಿ, ನಿಮಗ ಗೊತ್ತಿಲ್ಲ. ನನ್ನ ಗಂಡನ್ನ ನಿಮ್ಮ ಭಾಷಣದಾಗ ತುರುಕಬ್ಯಾಡ್ರಿ. ತುರುಕಿದ್ರಿ ಅಂದ್ರ, ನೀವು ತೀರಿಹೋದ ದಿನ ನಾನೂ ಬರ್ತೀನಿ. ನಿಮ್ಮ ಮಕ್ಕಳ ಎದುರಿಗೆ ನಿಂತು, ಯಾವ ನೀರಾದರೇನು, ಯಾವ ಮಂತ್ರಾ ಆದರೇನು, ಸಾರ ಒಂದಾ ಅಂತ ಒಂದು ತಾಸು ಭಾಷಣಾ ಹೊಡೀತೀನಿ."

ಸುಧನ್ವ ಶಂಭುಗಿರಿಯ ಕಡೆ ನೋಡಿದರು, ಚಂಪಾಬೆನ್ನಳ ಕಡೆ ನೋಡಿದರು. ಯಾರೂ ಅವರಿಗೆ ಜಾಗ ಬಿಡಲಿಲ್ಲ. ಕ್ಯಾಮರಾವನ್ನು ಚೀಲದೊಳಗೆ ಹಾಕಿಕೊಂಡು ಕಾರಿನ ಕಡೆ ನಡೆದರು. ಒಂದು ಹಿಡಿ ಮಣ್ಣನ್ನೂ ಹಾಕಲಿಲ್ಲ.

ಅಪ್ಪನ ಎದೆಯವರೆಗೆ ತುಂಬಿದ ಮೇಲೆ ಲಿಂಗರಾಜನನ್ನು ಕೈ ಕೊಟ್ಟು ಮೇಲೆಳೆದರು. ಮೊಣಕೈವರೆಗೆ ಉಪ್ಪು, ಮುಖದ ತುಂಬ ಬೂದಿ. ಅವ್ವನ ಹತ್ತಿರ ಬಂದು ನಿಂತು, ಪಕ್ಕದ ಖಾಲಿ ನೆಲವನ್ನು ತೋರಿಸಿ, ಶಬ್ದ ಹುಡುಕಿ ಹುಡುಕಿ ಕೇಳಿದ: "ಅವ್ವಾ... ನಿನಗ ಭೀ... ಇಲ್ಲೇ?"

"ಇಲ್ಲೇ," ಎಂದಳು ಗೌರಮ್ಮ. "ಮೈ ಬೆಚ್ಚಗಿರೂವಾಗಾ ಕೂಡ್ಸು. ಸುಟ್ಟೀ ಅಂದ್ರ ಎದ್ದು ಬಂದು ಕಪಾಳಕ್ಕ ಬಾರಿಸ್ತೀನಿ."