ಎಕ್ಸ್‌ಗೆ ಎರಡಿಂಚು ಮಾರ್ಜಿನ್

ಕಾಜಾ ಅಕ್ಕನಿಗೆ ಐವತ್ತೆರಡು ವರ್ಷ. ಅದರಲ್ಲಿ ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆಯೇ ಸವೆದಿವೆ. ಗುಂಡಿ ತೂರಿಸುವ ಕಾಜಾವನ್ನು ಅವರಷ್ಟು ಅಚ್ಚುಕಟ್ಟಾಗಿ ಹೊಲಿಯುವವರು ಆ ಬೀದಿಯಲ್ಲಿ ಇನ್ನೊಬ್ಬರಿಲ್ಲವಾದ್ದರಿಂದ ಆ ಹೆಸರೇ ಅಂಟಿಕೊಂಡಿತು. ಬೀದಿಯಲ್ಲಿ ಯಾರ ಸೊಂಟ ಎಷ್ಟಿಂಚು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಆ ಕಾರಣಕ್ಕೇ ಬೀದಿಯ ಕೆಲವು ದಪ್ಪನೆಯ ಹೆಂಗಸರು ಅವರೊಡನೆ ಜಗಳವಾಡಲು ಹೆದರುತ್ತಿದ್ದರು.

ಇಂಥ ಅಕ್ಕನನ್ನು ಹೊಲಿಗೆ ತರಬೇತಿ ಕೇಂದ್ರದವರು ಹುಡುಕಿಕೊಂಡು ಬಂದರು. ಟೀಚರ್ ಕೆಲಸ ಖಾಲಿಯಿದೆ, ಹತ್ತನೇ ತರಗತಿ ಪಾಸಾದ ಸರ್ಟಿಫಿಕೇಟು ತಂದುಕೊಟ್ಟರೆ ಕುರ್ಚಿ ನಿಮ್ಮದೇ ಎಂದರು. ಅಕ್ಕನಿಗೆ ಆ ಕುರ್ಚಿ ಬೇಕಿತ್ತು. ಇಷ್ಟು ವರ್ಷ ಕಾಲಲ್ಲಿ ತುಳಿದು ಸಂಪಾದಿಸಿದ್ದಾಯಿತು, ಇನ್ನಾದರೂ ಬಾಯಲ್ಲಿ ಹೇಳಿ ಸಂಪಾದಿಸೋಣ ಎಂಬ ಆಸೆ. ಪರೀಕ್ಷೆ ಕಟ್ಟಿದರು. ಎಲ್ಲ ವಿಷಯವೂ ಒಂದೇ ಏಟಿಗೆ ಪಾಸು, ಗಣಿತ ಮಾತ್ರ ಎರಡು ಸಲ ಡುಮ್ಕಿ. ಮೂರನೆಯ ಸಲವೂ ಆಗದಿದ್ದರೆ ಬೇರೆಯವರನ್ನು ತಗೊಳ್ಳುತ್ತೇವೆ ಎಂದು ಕೇಂದ್ರದವರು ಹೇಳಿಬಿಟ್ಟರು.

ಆಗ ಪಾಠ ಹೇಳಲು ಕೂತವಳು ಸೊಸೆ. ಮದುವೆಯಾಗಿ ಬಂದು ಒಂದು ವರ್ಷವಾಗಿತ್ತು. ಪ್ರೌಢಶಾಲೆಯಲ್ಲಿ ಗಣಿತದ ಟೀಚರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಆ ಮನೆಯಲ್ಲಿ ಸೊಸೆಯ ಕಾಲ ಸಂಜೆ ಆರರಿಂದ ಏಳರವರೆಗೆ. ಅಷ್ಟು ಹೊತ್ತಿಗೆ ಸರಿಯಾಗಿ ಮಗನಿಗೆ ಹೊರಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಅವನನ್ನು ದೂರುವಂತಿಲ್ಲ.

ಮೊದಲ ದಿನವೇ ಅಕ್ಕ ಪುಸ್ತಕ ಮುಚ್ಚಿದರು. "ಈ ಎಕ್ಸ್ ಅನ್ನೋನು ಯಾರು? ಮೊದಲ ಲೆಕ್ಕದಲ್ಲಿ ಐದು ಅಂದೆ. ಎರಡನೇದರಲ್ಲಿ ಹನ್ನೊಂದು ಅಂತೀಯ. ಮಾತಿನ ಮೇಲೆ ನಿಲ್ಲದ ಮನುಷ್ಯನ ಜೊತೆ ನನಗೇನು ವ್ಯವಹಾರ?"

"ಅತ್ತೆ, ಅದು ಚರಾಕ್ಷರ. ಬದಲಾಗೋದೇ ಅದರ ಕೆಲಸ."

"ಹಾಗಾದ್ರೆ ಅದಕ್ಕೆ ಬೇರೆ ಕೆಲಸ ಹುಡುಕಿಕೊಳ್ಳೋಕೆ ಹೇಳು."

ಸೊಸೆ ಹಣೆ ಚಚ್ಚಿಕೊಳ್ಳಲಿಲ್ಲ, ಅದು ಅವಳ ದೊಡ್ಡತನ. ಗೋಡೆಯ ಮೊಳೆಗೆ ತೂಗುಹಾಕಿದ್ದ ಅಳತೆಯ ಟೇಪು ತಂದು ಅತ್ತೆಯ ಮುಂದೆ ಹಿಡಿದಳು. "ನಿಮ್ಮ ಹತ್ರ ಬರೋ ಗಿರಾಕಿಗಳ ಸೊಂಟ ಎಲ್ಲಾ ಒಂದೇನಾ?"

"ಅದು ಹೇಗಾಗುತ್ತೆ? ಒಬ್ಬೊಬ್ಬರದು ಒಂದೊಂದು."

"ಟೇಪಿನ ಮೇಲಿರೋ ಏಳು ಅನ್ನೋ ಅಂಕಿ? ದಪ್ಪಗಿರೋರು ಬಂದಾಗ ಅದು ಎಂಟಾಗುತ್ತಾ?"

"ಎಂಟಾದ್ರೆ ಟೇಪು ಕೊಟ್ಟ ಅಂಗಡಿಯವನನ್ನ ಸುಮ್ಮನೆ ಬಿಡ್ತೀನಾ?"

"ಸೊಂಟ ಚರಾಕ್ಷರ. ಏಳು ಸ್ಥಿರಾಂಕ. ಎಕ್ಸ್ ಅಂದ್ರೆ ಇನ್ನೂ ಟೇಪು ಹಿಡಿಯದ ಸೊಂಟ, ಅಷ್ಟೇ."

ಅಕ್ಕನ ಮುಖ ಅರಳಿತು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದಪ್ಪ ಪುಸ್ತಕ ಬರೆದವರನ್ನು ಬೈದು, ಅಂದೇ ಹತ್ತು ಲೆಕ್ಕ ಮಾಡಿದರು. ಹತ್ತೂ ತಪ್ಪು.

ಮರುದಿನ ಹತ್ತು, ಅದರ ಮರುದಿನ ಇಪ್ಪತ್ತು. ಒಂದೂ ಸರಿಯಿಲ್ಲ. ಲೆಕ್ಕವನ್ನೆಲ್ಲ ಮನಸ್ಸಿನಲ್ಲೇ ಮಾಡಿ ಉತ್ತರ ಮಾತ್ರ ಬರೆಯುವುದು ಅಕ್ಕನ ಅಭ್ಯಾಸ, ಹಾಗಾಗಿ ಎಲ್ಲಿ ಎಡವುತ್ತಿದ್ದಾರೆ ಎಂಬುದೂ ತಿಳಿಯುತ್ತಿರಲಿಲ್ಲ. ಪರೀಕ್ಷೆಗೆ ಒಂದು ವಾರ ಉಳಿದಾಗ ಸೊಸೆ ಸರಿಯುತ್ತರಗಳನ್ನು ಪಕ್ಕದಲ್ಲಿ ಬರೆದುಕೊಂಡು ನೋಡಿದಳು. ಐದಕ್ಕೆ ಏಳು. ಏಳಕ್ಕೆ ಒಂಬತ್ತು. ಹನ್ನೊಂದಕ್ಕೆ ಹದಿಮೂರು. 

"ಅತ್ತೆ, ನಿಮ್ಮ ಉತ್ತರ ಎಲ್ಲಾ ಎರಡು ಜಾಸ್ತಿ! ಎಕ್ಸ್ ಏನೇ ಆಗಿರ್ಲಿ, ನಿಮ್ಮ ತಪ್ಪು ಮಾತ್ರ ಸ್ಥಿರಾಂಕ!"

ಅಕ್ಕನಿಗೆ ಸಿಟ್ಟು ಬಂತು. "ತಪ್ಪೇನೇ ಅದು? ನೀನೇ ತಾನೆ ಎಕ್ಸ್ ಅಂದ್ರೆ ಸೊಂಟ ಅಂದಿದ್ದು? ಹೊಲಿಗೆಗೆ ಎರಡಿಂಚು ಮಾರ್ಜಿನ್ ಬಿಡದೆ ಯಾರಾದ್ರೂ ಕತ್ತರಿ ಹಾಕ್ತಾರಾ? ನಾಳೆ ಎಕ್ಸ್ ದಪ್ಪಗಾದ್ರೆ ಬಿಚ್ಚಿ ಸರಿಮಾಡೋಕೆ ಬಟ್ಟೆ ಎಲ್ಲಿಂದ ತರ್ತೀಯ?"

ಸೊಸೆ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಾಡಿ ನಕ್ಕಳು. ಆದರೆ ಮಾರ್ಜಿನ್ ಬಿಡಿಸುವುದು ನಗೆಯಷ್ಟು ಸುಲಭವಾಗಲಿಲ್ಲ. ಅಕ್ಕ ಹಿಡಿದ ಮೊಲಕ್ಕೆ ಮೂರೇ ಕಾಲು. ಮೂವತ್ತು ವರ್ಷದಲ್ಲಿ ಒಬ್ಬರ ಬಟ್ಟೆಯನ್ನೂ ಬಿಗಿಮಾಡಿ ಕೊಟ್ಟವರಲ್ಲ, ಈಗ ಎಕ್ಸ್ ಒಬ್ಬನಿಗೆ ಅನ್ಯಾಯ ಮಾಡುವುದೇ? ಎರಡು ದಿನ ಅತ್ತೆ ಸೊಸೆಗೆ ಮಾತಿಲ್ಲ. ಆದರೂ ಸಂಜೆ ಆರಕ್ಕೆ ಸೊಸೆ ಚಾಪೆ ಹಾಸುತ್ತಿದ್ದಳು, ಪುಸ್ತಕ ಬಿಡಿಸಿಕೊಂಡು ಒಬ್ಬಳೇ ಕೂರುತ್ತಿದ್ದಳು. ಮೂರನೆಯ ಸಂಜೆ ಅಕ್ಕ ಬಂದು ಮುಖ ಊದಿಸಿಕೊಂಡೇ ಎದುರಿಗೆ ಕೂತರು.

ಸೊಸೆ ಮೆಲ್ಲಗೆ ಹೇಳಿದಳು. "ಇಲ್ನೋಡಿ ಅತ್ತೆ. ಮೂರು ಎಕ್ಸ್ ಕೂಡಿಸು ನಾಲ್ಕು, ಒಟ್ಟು ಇಪ್ಪತ್ತೈದು. ಈ ನಾಲ್ಕು ಇದೆಯಲ್ಲ, ಇದೇ ಮಾರ್ಜಿನ್. ಪ್ರಶ್ನೆ ಬರೆದವರು ಮೊದಲೇ ಬಿಟ್ಟು ಹೊಲಿದು ಕಳಿಸಿದಾರೆ. ನೀವು ಹೊಲಿಯೋದೇನೂ ಇಲ್ಲ, ಬಿಚ್ಚಬೇಕು ಅಷ್ಟೇ."

"ಬಿಚ್ಚೋದಾ?" ಅಕ್ಕ ಕನ್ನಡಕ ಏರಿಸಿದರು. "ನಾಲ್ಕು ಬಿಚ್ಚಿದ್ರೆ ಇಪ್ಪತ್ತೊಂದು. ಮೂರು ಸಮ ತುಂಡು ಮಾಡಿದ್ರೆ ಏಳು. ಇಷ್ಟೇನಾ? ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?"

ಪರೀಕ್ಷೆಯ ದಿನ ಅಕ್ಕ ಪ್ರಶ್ನೆಪತ್ರಿಕೆ ಹಿಡಿದು ಮನೆಗೆ ಬಂದರು. ಸೊಸೆ ಕಣ್ಣಲ್ಲಿ ಕಣ್ಣಿಟ್ಟು ಒಂದೊಂದೇ ಉತ್ತರ ಕೇಳಿ ಅಂಕ ಕೂಡಿಸಿದಳು. ಮೂವತ್ತೆರಡು ಖಾತ್ರಿ. ಪಾಸಿಗೆ ಮೂವತ್ತೈದು ಬೇಕು. ಉಳಿದದ್ದು ಮೂರು ಅಂಕದ ಕೊನೆಯ ಪ್ರಶ್ನೆ: ಚರಾಕ್ಷರ ಮತ್ತು ಸ್ಥಿರಾಂಕಕ್ಕಿರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸಿ.

"ಸೊಂಟ, ಟೇಪು ಬರೆದ್ರಿ ತಾನೆ?"

"ಪರೀಕ್ಷೆಯಲ್ಲಿ ಸೊಂಟ ಅಂತೆಲ್ಲ ಬರೀತಾರಾ? ಮರ್ಯಾದೆ ಬೇಡ್ವಾ?"

"ಮತ್ತೇನು ಬರೆದ್ರಿ?"

ಅಕ್ಕ ಇಲ್ಲದ ದೂಳನ್ನು ಯಂತ್ರದ ಮೇಲಿಂದ ಒರೆಸತೊಡಗಿದರು. ಸೊಸೆ ಬಿಡಲಿಲ್ಲ. ಕೊನೆಗೆ ಬೆನ್ನು ತಿರುಗಿಸಿಕೊಂಡೇ ಹೇಳಿದರು. "ಚರ ಅಂದ್ರೆ ನಾನು. ಒಂದಿನ ನಗ್ತೀನಿ, ಒಂದಿನ ಬೈತೀನಿ, ಒಂದಿನ ಮಾತೇ ಬಿಡ್ತೀನಿ. ಸ್ಥಿರ ಅಂದ್ರೆ ನನ್ನ ಸೊಸೆ. ನಾನು ಹೇಗೇ ಇರ್ಲಿ, ಚಾಪೆ ಹಾಸಿ ಕೂರ್ತಾಳೆ. ಹಾಗಂತ ಬರೆದೆ."

ಸೊಸೆ ಪ್ರಶ್ನೆಪತ್ರಿಕೆಯನ್ನು ನಾಲ್ಕಾಗಿ ಮಡಚಿದಳು. ಆಮೇಲೆ ಗಣಿತದ ಟೀಚರಾಗಿಯೇ ಹೇಳಿದಳು. "ಅತ್ತೆ, ಅದಕ್ಕೆ ಸೊನ್ನೆ ಕೊಡ್ತಾರೆ. ಸ್ಥಿರಾಂಕ ಅಂದ್ಮೇಲೆ ಒಂದು ಅಂಕಿ ಇರಬೇಕು."

"ಅಂಕಿನೂ ಹಾಕಿದೀನಿ. ಸಂಜೆ ಆರು ಗಂಟೆ."

ಮೂರು ವಾರ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಫಲಿತಾಂಶದ ದಿನ ಸೊಸೆ ಬಾಗಿಲ ಬಳಿ ನಿಂತು ಫೋನಿನಲ್ಲಿ ಅತ್ತೆಯ ಪರೀಕ್ಷೆಯ ನಂಬರು ಒತ್ತಿದಳು. ಅಕ್ಕ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸಲು ಹೋಗಿ ನಾಲ್ಕು ಸಲ ತಪ್ಪಿಸಿದರು. ತಿರುಗಿ ನೋಡಿದರೆ ಸೊಸೆಯ ಕಣ್ಣಿಂದ ನೀರು ದಳದಳ ಇಳಿಯುತ್ತಿದೆ.

"ಹೋಯ್ತಾ?" ಎಂದರು ಅಕ್ಕ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಸೊಸೆ ಇಲ್ಲವೆಂದು ತಲೆಯಾಡಿಸಿ ಮೊದಲು ಮೂರು ಬೆರಳು ತೋರಿಸಿದಳು, ಆಮೇಲೆ ಐದು. ಆ ಉತ್ತರ ತಿದ್ದಿದವರು ಯಾವ ಮನೆಯ ಸೊಸೆಯೋ, ಮೂರಕ್ಕೆ ಮೂರೂ ಕೊಟ್ಟಿದ್ದರು.

ಅಕ್ಕ ಎದ್ದು ಹೋಗಿ ಸೆರಗಿನಿಂದ ಅವಳ ಮುಖ ಒರೆಸಿದರು. "ನೀನ್ಯಾಕೇ ಅಳ್ತೀಯ? ಪಾಸಾಗಿರೋದು ನಾನು ಕಣೇ!"