ತಮಟೆ ಸಿದ್ದನ ಬಾಯಲ್ಲಿ ನಾನಿಟ್ಟ ಮಾತು

ಚಾನೆಲ್‌ನವರು ಒಪ್ಪಿದ್ದಾರೆ ಎಂದು ನಾನು ಹೇಳಿದ್ದು ಸುಳ್ಳು. ಅವರು ಒಪ್ಪಿರಲಿಲ್ಲ. ಒಪ್ಪುತ್ತೀರಾ ಎಂದು ನಾನು ಕೇಳಿಯೂ ಇರಲಿಲ್ಲ. ಆ ಸುಳ್ಳಿನ ಮೇಲೆ ನಾನು ಬರೆದ ಒಂದು ದೃಶ್ಯದ ಚಿತ್ರೀಕರಣ ನಡೆಯಿತು, ಜನ ಅದನ್ನು ಮೆಚ್ಚಿ ನೋಡಿದರು, ನನಗೆ ಹೆಸರು ಬಂತು — ಮತ್ತು ನನ್ನನ್ನು ಈ ಕೆಲಸಕ್ಕೆ ಕರೆತಂದ ನಿರ್ದೇಶಕರು ಕೆಲಸ ಕಳೆದುಕೊಂಡರು. ಇದಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಬಂದಾಗ ನಾನು ಅದೇ ಕೋಣೆಯಲ್ಲಿ, ಅವರ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ತಲೆ ತಗ್ಗಿಸಿಕೊಂಡು ಇದನ್ನೆಲ್ಲ ಬರೆದುಬಿಡುತ್ತೇನೆ ಅಂದುಕೊಂಡಿದ್ದೆ. ಆಗುತ್ತಿಲ್ಲ. ಆ ದೃಶ್ಯದ ಬಗ್ಗೆ ನನಗೆ ಹೆಮ್ಮೆಯಿದೆ. ಅಂದೂ ಇತ್ತು, ಇಂದು ಇನ್ನೂ ಹೆಚ್ಚು. ಹಾಗಿರುವಾಗ ಇದನ್ನು ತಪ್ಪೊಪ್ಪಿಗೆ ಅನ್ನಬಹುದೋ ಇಲ್ಲವೋ — ಗೊತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ.

‘ಕಾಡಿಗೆ ಬಿದ್ದವರು’ ಎಂಬ ಧಾರಾವಾಹಿಗೆ ನಾನು ಸಂಭಾಷಣೆ ಬರೆಯುತ್ತಿದ್ದೆ. ಪಾಳೆಯಗಾರರ ಕಾಲಕ್ಕೂ ಹಿಂದಿನ, ಯಾವ ಅರಸನದೆಂದು ಹೆಸರಿಸದ ಒಂದು ಸೀಮೆಯ ಕಥೆ. ಊರಿನಿಂದ ಹೊರದೂಡಿಸಿಕೊಂಡ ಒಂಬತ್ತು ಮಂದಿ ಕಾಡು ಸೇರುತ್ತಾರೆ, ಸುಂಕದವರನ್ನು ದೋಚುತ್ತಾರೆ, ಸಿಕ್ಕಿದ್ದನ್ನು ಹಸಿದವರಿಗೆ ಹಂಚುತ್ತಾರೆ. ಅವರ ನಾಯಕ ಕೆಂಚ. ಅವರಲ್ಲೊಬ್ಬ ತಮಟೆ ಸಿದ್ದ. ಕಾಡಿನಲ್ಲಿ ದೂರ ದೂರ ಇರುವವರಿಗೆ ತಮಟೆಯ ಪೆಟ್ಟಿನಲ್ಲೇ ಸುದ್ದಿ ಮುಟ್ಟಿಸುವುದು ಅವನ ಕೆಲಸ. ನಗರದ ಅಂಚಿನ ಬೋಗಾದಿ ದಾಟಿದ ಮೇಲೆ, ಬಡಾವಣೆಗೆಂದು ಸಮ ಮಾಡಿ ಬಿಟ್ಟಿದ್ದ ಬಯಲಿನಲ್ಲಿ ಪ್ಲೈವುಡ್ಡಿನ ಕೋಟೆ ಎದ್ದಿತ್ತು. ಹಿಂದೆ ಕಟ್ಟಡಗಳು ಕಾಣದಂತೆ ಕ್ಯಾಮೆರಾ ಇಡುವುದೇ ಅಲ್ಲಿ ದೊಡ್ಡ ಸಾಹಸ.

ನಿರ್ದೇಶಕರು ಶಿವಪ್ರಸಾದ್. ನಮಗೆಲ್ಲ ಪ್ರಸಾದ್ ಸರ್. ಲಕ್ಷ್ಮೀಪುರಂನ ಹಳೆಯ ಮನೆತನ. ತಂದೆಯದು ಜವಳಿ ಅಂಗಡಿ. ಅಂಗಡಿಯಲ್ಲಿ ಕೂರುವುದು ಬಿಟ್ಟು ನಾಟಕ ಹಿಡಿದವರು. ನಮ್ಮ ಕಾಲೇಜಿನ ಹುಡುಗರು ಬೀದಿಯಲ್ಲಿ ಆಡಿದ ನನ್ನ ಒಂದು ನಾಟಕ ನೋಡಿ, ಇದನ್ನು ಬರೆದವರು ಯಾರು ಎಂದು ಹುಡುಕಿಕೊಂಡು ಬಂದಿದ್ದರು. ನಮ್ಮಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು ಬೋಗಾದಿಯಲ್ಲಿ ನೆಲೆ ನಿಂತವರು. ನಮ್ಮ ಮನೆಯ ನಡುಮನೆಯಲ್ಲಿರುವುದು ಬುದ್ಧನ ಪಟ. ಊರಿನಲ್ಲಿ ಅಪ್ಪ ಎಲ್ಲಿಯವರೆಗೆ ಹೋಗಬಹುದಿತ್ತು, ಎಲ್ಲಿ ನಿಲ್ಲಬೇಕಾಗಿತ್ತು ಎಂಬುದನ್ನು ಅವರು ನಮಗೆ ಕಥೆಯಾಗಿಯೂ ಹೇಳಿದವರಲ್ಲ. ಆದರೂ ನಮಗೆ ಗೊತ್ತಿತ್ತು — ಅಂಥದ್ದೆಲ್ಲ ಹೇಗೋ ಗೊತ್ತಾಗುತ್ತದೆ.

ಆ ಸಂಚಿಕೆಗೆ ಚಾನೆಲ್‌ನ ಕಥಾ ವಿಭಾಗದಿಂದ ಬಂದ ಸಾರಾಂಶ ಹೀಗಿತ್ತು. ಅರಸನ ಕೋಟೆಗೆ ಶತ್ರುಗಳು ಮುತ್ತಿಗೆ ಹಾಕಿದ್ದಾರೆ. ಮಂಜು ಕವಿದ ಬೆಳಗಿನಲ್ಲಿ ಸಿದ್ದ ಒಬ್ಬನೇ ಗುಡ್ಡದ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುತ್ತ ತಮಟೆ ಬಡಿಯುತ್ತಾನೆ. ದೊಡ್ಡ ದಂಡೇ ಬಂತೆಂದು ಹೆದರಿ ಶತ್ರುಗಳು ಕಾಲು ಕೀಳುತ್ತಾರೆ. ಅರಸ ಸಂತೋಷಪಟ್ಟು ಒಂಬತ್ತು ಮಂದಿಯನ್ನೂ ಆಸ್ಥಾನಕ್ಕೆ ಕರೆಸುತ್ತಾನೆ. ಬಾಗಿಲಲ್ಲಿ ಕಾವಲಿನವರು ಎಂಟು ಜನರನ್ನು ಒಳಗೆ ಬಿಟ್ಟು ಸಿದ್ದನನ್ನು ತಡೆಯುತ್ತಾರೆ. ಆಗ ಸಿದ್ದ ನಗುತ್ತ, ನನಗೆ ಈ ಹೊಸ್ತಿಲೇ ಸಾಕು, ಇಲ್ಲೇ ನಿಂತು ನಿಮ್ಮ ಸನ್ಮಾನ ನೋಡುತ್ತೇನೆ ಅನ್ನುತ್ತಾನೆ. ಕೆಂಚ ಅವನನ್ನು ತಬ್ಬಿಕೊಂಡು, ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾನೆ. ಸಿದ್ದ ಹೊರಗೆ ತಮಟೆ ಬಾರಿಸುತ್ತಾನೆ. ಮುಕ್ತಾಯ. ಪಕ್ಕದಲ್ಲಿ ಒಂದು ಟಿಪ್ಪಣಿ: ಸಿದ್ದನ ದೊಡ್ಡ ಮನಸ್ಸು ನೋಡಿ ಜನ ಅಳಬೇಕು.

ಸಿದ್ದನ ಆ ಮಾತನ್ನು ನಾನು ಬರೆಯಬೇಕಾಗಿತ್ತು.

ಪ್ರಯತ್ನಪಟ್ಟೆ. ಕೆಲಸ ತಾನೇ, ಎಷ್ಟೋ ಒಪ್ಪದ್ದನ್ನು ಬರೆದಿದ್ದೇನೆ. ಆದರೆ ‘ಈ ಹೊಸ್ತಿಲೇ ಸಾಕು’ ಎಂದು ಟೈಪ್ ಮಾಡುವಷ್ಟರಲ್ಲಿ ನಡುಮನೆಯಲ್ಲಿ ಅಪ್ಪ ಕೆಮ್ಮಿದರು. ಅಷ್ಟೇ. ಬೇರೇನೂ ಆಗಲಿಲ್ಲ. ಬರೆದದ್ದನ್ನು ಅಳಿಸಿ ಬೇರೆಯೇ ಬರೆದೆ. ಕಾವಲಿನವನು ತಡೆದಾಗ ಸಿದ್ದ ನಗುವುದಿಲ್ಲ. ತಮಟೆಯನ್ನು ಹೆಗಲಿಂದ ಇಳಿಸಿ ಹೊಸ್ತಿಲಿಗೆ ಅಡ್ಡವಾಗಿ ಕೂರುತ್ತಾನೆ, ದನಿ ಏರಿಸದೆ ಹೇಳುತ್ತಾನೆ:

“ಈ ಕೋಟೆ ಉಳಿಸಿದವನು ನಾನು. ಒಳಗೆ ಕರೆಯಿರಿ. ಆಗದಿದ್ದರೆ, ಅರಸರೇ ಹೊರಗೆ ಬಂದು ನನ್ನ ಮುಖ ನೋಡಲಿ.”

ಒಳಗೆ ಹೋಗಿದ್ದ ಎಂಟು ಜನ ಒಬ್ಬೊಬ್ಬರಾಗಿ ಹೊರಗೆ ಬಂದು ಅವನ ಸುತ್ತ ಕೂರುತ್ತಾರೆ. ಒಳಗೆ, ಸಿಂಹಾಸನದ ಮೇಲೆ ಅರಸ ಒಬ್ಬನೇ. ಕೊನೆಗೆ ಅವನು ಎದ್ದು ನಿಲ್ಲುತ್ತಾನೆ. ಅಲ್ಲಿಗೆ ಮುಗಿಯಿತು. ಅರಸ ಹೊರಗೆ ಬಂದನೇ ಇಲ್ಲವೇ ಎಂದು ನಾನು ಹೇಳಲಿಲ್ಲ.

ಪ್ರಸಾದ್ ಸರ್ ಓದಿದರು, ಮತ್ತೊಮ್ಮೆ ಓದಿದರು. ಚೆನ್ನಾಗಿದೆ ಎಂದರು. ಆದರೆ ಚಾನೆಲ್‌ನವರು ಹ್ಞೂಂ ಅನ್ನದೆ ಕಥೆ ಬದಲಿಸುವ ಹಾಗಿಲ್ಲ, ನೀನೇ ಫೋನ್ ಮಾಡಿ ಕೇಳು ಎಂದರು. ನಾನು ಕೇಳಲಿಲ್ಲ. ಕೇಳಿದರೆ ಇಲ್ಲ ಅನ್ನುತ್ತಾರೆಂದು ಗೊತ್ತಿತ್ತು — ಇಲ್ಲ ಅನಿಸಿಕೊಂಡ ಮೇಲೆ ಆ ಹಳೆಯ ಮಾತನ್ನೇ ಬರೆದುಕೊಡಬೇಕಾಗುತ್ತಿತ್ತು. ಮರುದಿನ ಬೆಳಿಗ್ಗೆ ಸೆಟ್ಟಿಗೆ ಹೋದಾಗ ಅವರು ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು.

“ಒಪ್ಪಿದ್ದಾರೆ ಸರ್,” ಅಂದೆ.

ಅವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. “ಒಪ್ಪಿದ್ರಾ?”

“ಹ್ಞೂಂ ಸರ್.”

“ಸರಿ ಹಾಗಾದ್ರೆ,” ಎಂದು ಎದ್ದವರೇ ಸಿದ್ದನ ಪಾತ್ರ ಮಾಡುತ್ತಿದ್ದ ರಾಚಪ್ಪನವರನ್ನು ಕರೆದರು.

ರಾಚಪ್ಪನವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ವಯಸ್ಸಾದ ನಟ, ಇಷ್ಟು ವರ್ಷ ಹಿಂದೆ ನಿಲ್ಲುವ ಪಾತ್ರಗಳನ್ನೇ ಮಾಡಿದವರು. ಆ ದಿನ ಅವರು ಹೊಸ್ತಿಲಲ್ಲಿ ಕೂತ ರೀತಿ ಇದೆಯಲ್ಲ — ಆರಾಮಾಗಿ, ತಮ್ಮ ಮನೆಯ ಜಗಲಿಯ ಮೇಲೆ ಕೂತ ಹಾಗೆ — ಅದನ್ನು ನಾನು ಬರೆದಿರಲಿಲ್ಲ. ಪ್ರಸಾದ್ ಸರ್ ಹೇಳಿಕೊಟ್ಟಿದ್ದೂ ಅಲ್ಲ. ಮಾತು ಮುಗಿದ ಮೇಲೆ ಕಟ್ ಅನ್ನುವುದನ್ನು ಸರ್ ಮರೆತರು. ಲೈಟ್ ಹಿಡಿದವರು, ಬಟ್ಟೆಯವರು, ಊಟ ತಂದವರು, ಯಾರೂ ಅಲುಗಾಡಲಿಲ್ಲ. ಇದು ನನ್ನ ಮಾತು, ಇದನ್ನು ನಾನು ಬರೆದೆ ಎಂದು ಎದೆಯುಬ್ಬಿ ನಿಂತಿದ್ದೆ. ಆ ಹೆಮ್ಮೆಯನ್ನು ಈಗಲೂ ಬಿಟ್ಟುಕೊಡಲಾರೆ.

ದಿನನಿತ್ಯದ ಧಾರಾವಾಹಿಗಳಲ್ಲಿ ಆದ ಕೆಲಸವನ್ನು ಪೂರ್ತಿ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಸಂಚಿಕೆ ಚಾನೆಲ್‌ಗೆ ಹೋಗಿದ್ದೇ ತಡ, ಪ್ರಸಾರವಾಯಿತು. ನಮ್ಮ ಮನೆಯಲ್ಲಿ ಅಪ್ಪ ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಮುಗಿದ ಮೇಲೂ ಜಾಹೀರಾತುಗಳನ್ನೇ ನೋಡುತ್ತ ಕೂತಿದ್ದರು. ಆಮೇಲೆ, “ಸರ್ಯಾಗಿ ಹೇಳ್ಬುಟ್ಟ ಕಣವ್ವ,” ಅಂದರು. ಆ ಮಾತು ಬರೆದದ್ದು ನಾನು ಅಂದೆ. ಗೊತ್ತು ಅನ್ನುವ ಹಾಗೆ ತಲೆಯಾಡಿಸಿ, ಮುಖ ತೊಳೆಯಲು ಹೋದರು. ಬಹಳ ಹೊತ್ತು ನಲ್ಲಿಯ ಸದ್ದು ಕೇಳಿಸುತ್ತಿತ್ತು.

ಎರಡೇ ದಿನದಲ್ಲಿ ಪ್ರಸಾದ್ ಸರ್‌ಗೂ ನನಗೂ ಕರೆ ಬಂತು. ರಾಮಕೃಷ್ಣನಗರದಲ್ಲಿ ನಿರ್ಮಾಪಕರ ಮನೆಯ ಮಹಡಿಯೇ ಆಫೀಸು. ಕಥಾ ವಿಭಾಗದ ಮುಖ್ಯಸ್ಥರು ಬೆಂಗಳೂರಿನಿಂದ ಬಂದಿದ್ದರು. ಅರಸನನ್ನು ಸಣ್ಣವನನ್ನಾಗಿ ಮಾಡಿದ್ದೀರಿ, ನೋಡುವವರಿಗೆ ಕಸಿವಿಸಿಯಾಗಿದೆ, ಫೋನುಗಳು ಬರುತ್ತಿವೆ ಎಂದರು. ಅವರು ಕೂಗಾಡಲಿಲ್ಲ, ಮೆಲ್ಲಗೆ, ಮರ್ಯಾದೆಯಿಂದಲೇ ಕೇಳಿದರು.

“ಈ ಸೀನ್ ಹೀಗೆ ಮಾಡಿ ಅಂತ ನಿಮಗೆ ಯಾರು ಹೇಳಿದ್ದು?”

ಪ್ರಸಾದ್ ಸರ್ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವರು ಕಾಯುತ್ತಿದ್ದರು. ನಾನು ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ನೋಡುತ್ತಿದ್ದೆ. ಈಗ ಹೇಳುತ್ತೇನೆ, ಈಗ — ಎಂದು ಒಳಗೇ ಅಂದುಕೊಳ್ಳುತ್ತಿದ್ದೆ. ನಾನು ಹೇಳಿದರೆ ಈ ಕೆಲಸ ಹೋಗುತ್ತದೆ. ಇಂಥವರಿಗೆ ಅವಕಾಶ ಕೊಟ್ಟರೆ ಹೀಗೇ ಎನ್ನುತ್ತಾರೆ. ಮತ್ತೆ ಯಾರೂ ನನ್ನಿಂದ ಬರೆಸುವುದಿಲ್ಲ. ಇದೆಲ್ಲ ನಿಜವೂ ಇರಬಹುದು. ನಿಜವಾದರೂ ಅದು ನೆಪವೇ.

“ನಾನೇ ಮಾಡ್ಸಿದ್ದು,” ಎಂದರು ಪ್ರಸಾದ್ ಸರ್. “ಬರೆದವರಿಗೆ ಇದರಲ್ಲಿ ಏನೂ ಇಲ್ಲ.”

ಮಾರನೆಯ ದಿನ ಸೆಟ್ಟಿನಲ್ಲಿ ಬೇರೆ ನಿರ್ದೇಶಕರಿದ್ದರು. ನಾನು ಅವರಿಗೂ ಬರೆದುಕೊಟ್ಟೆ. ಚಾನೆಲ್‌ನ ಮಾತು ಕೇಳದವರು ಎಂಬ ಹೆಸರು ಪ್ರಸಾದ್ ಸರ್‌ಗೆ ಅಂಟಿಕೊಂಡಿತು. ಮುಂದೆ ಯಾರೂ ಅವರ ಕೈಗೆ ಧಾರಾವಾಹಿ ಕೊಡಲಿಲ್ಲ. ಇತ್ತ ಆ ದೃಶ್ಯವನ್ನು ಜನ ಮರೆಯಲಿಲ್ಲ. ಕೊನೆಗೆ ಅದೇ ಚಾನೆಲ್ ತನ್ನ ಜಾಹೀರಾತಿನಲ್ಲಿ ಸಿದ್ದನನ್ನು ತೋರಿಸತೊಡಗಿತು. ನನಗೆ ಸಂಭಾಷಣೆಗೆಂದು ಪ್ರಶಸ್ತಿಯೂ ಬಂತು. ವೇದಿಕೆಯ ಮೇಲೆ, ಇಂಥ ದೃಶ್ಯಕ್ಕೆ ಸ್ವಾತಂತ್ರ್ಯ ಕೊಟ್ಟ ಚಾನೆಲ್‌ಗೆ ವಂದನೆ ಎಂದೆ. ಹೌದು, ಹಾಗೆಯೇ ಅಂದೆ. ಪ್ರಸಾದ್ ಸರ್ ಹೆಸರು ಹೇಳಲಿಲ್ಲ. ಮೊದಲ ದಿನದ ಸುಳ್ಳು ದೃಶ್ಯಕ್ಕಾಗಿ ಹೇಳಿದ್ದು. ಈ ಸುಳ್ಳು ನನಗಾಗಿ.

ವರ್ಷಗಳಾದವು. ಈಚೆಗೆ ಆ ತುಣುಕು ಮತ್ತೆ ಫೋನಿನಿಂದ ಫೋನಿಗೆ ಹರಿದಾಡತೊಡಗಿತು. ನಿವೃತ್ತರಾದ ಅಪ್ಪ ಟೀ ಅಂಗಡಿಯಲ್ಲಿ ಎಲ್ಲರಿಗೂ ತೋರಿಸುತ್ತಾರೆ, ನಮ್ಮ ಮಗಳು ಬರೆದಿದ್ದು ಅನ್ನುತ್ತಾರೆ. ಒಂದು ದಿನ ಊಟಕ್ಕೆ ಕೂತಾಗ, ಆ ಡೈರೆಕ್ಟರನ್ನು ಒಮ್ಮೆ ಮನೆಗೆ ಕರೆದು ಊಟ ಹಾಕೋಣ, ನಾನೊಂದು ಸಲ ಕೈ ಮುಗಿಯಬೇಕು ಅಂದರು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಎಲ್ಲವನ್ನೂ ಹೇಳಿದೆ. ಸುಳ್ಳು, ಆ ಕೋಣೆ, ಪ್ರಶಸ್ತಿ. ಅಪ್ಪ ಕೈ ತೊಳೆದುಕೊಂಡು ಬಂದು ನಿಂತರು.

“ನೀನು ಬರ್ದ ಸಿದ್ದ ಬಾಯ್ ಬುಟ್ಟ,” ಅಂದರು. “ನೀನು ಬುಡ್ನಿಲ್ಲ.”

ನಾನು ಲಕ್ಷ್ಮೀಪುರಂಗೆ ಹೋದದ್ದು ಆಮೇಲೆ. ಪ್ರಸಾದ್ ಸರ್ ಈಗ ಮನೆಯ ಮುಂದಿನ ಹಜಾರದಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾರೆ. ಮಕ್ಕಳೆಲ್ಲ ಹೋಗುವವರೆಗೆ ಕಾದೆ. ಹೇಳಬೇಕಾದ್ದನ್ನು ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅಲ್ಲಿ ಬಾಯಿಗೆ ಬಂದದ್ದು, ಸರ್, ಚಾನೆಲ್‌ನವರು ಒಪ್ಪಿರಲಿಲ್ಲ, ಇಷ್ಟೇ.

ಅವರಿಗೆ ಆಶ್ಚರ್ಯವಾಗಲಿಲ್ಲ. ನಾನು ಫೋನ್ ಮಾಡುವುದಿಲ್ಲವೆಂದು ಅವರಿಗೆ ಅನುಮಾನವಿತ್ತಂತೆ. ಶೂಟಿಂಗಿನ ಹಿಂದಿನ ದಿನ ಸಂಜೆ ತಾವೇ ಫೋನ್ ಮಾಡಿ ಕೇಳಿದ್ದರಂತೆ. ಫೋನ್ ಎತ್ತಿದ ಕಥಾ ವಿಭಾಗದವರೊಬ್ಬರು ಖಂಡಿತ ಬೇಡ ಎಂದಿದ್ದರಂತೆ. ಬೆಳಿಗ್ಗೆ ನಾನು ಬಂದು ಒಪ್ಪಿದ್ದಾರೆ ಎಂದಾಗ, ಅದು ಸುಳ್ಳೆಂದು ತಿಳಿದೇ ಅವರು ಲೋಟ ಕೆಳಗಿಟ್ಟಿದ್ದರು. ತಿಳಿದೇ ರಾಚಪ್ಪನವರನ್ನು ಕರೆದಿದ್ದರು.

ಮತ್ತೆ ಯಾಕೆ ಮಾಡಿದಿರಿ ಎಂದು ಕೇಳಿದೆ.

“ನನಗೂ ಆ ಸೀನ್ ಬೇಕಾಗಿತ್ತು ಕಣಮ್ಮ. ನಾನಾಗಿ ಮಾಡೋ ಧೈರ್ಯ ಇರಲಿಲ್ಲ. ನೀನು ಸುಳ್ಳು ಹೇಳ್ದೆ, ನಂಗೆ ಅನುಕೂಲ ಆಯ್ತು.”

ಆ ಕ್ಷಣ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಹಾಗಾದರೆ ನಾನು ಅವರಿಗೆ ಮೋಸ ಮಾಡಿಲ್ಲ, ಅವರೂ ಜೊತೆಗಿದ್ದರು — ಹೀಗೆ ಅಂದುಕೊಳ್ಳುವಷ್ಟರಲ್ಲಿ ಅವರು ಮುಂದುವರಿಸಿದರು. ಮಾತಿನಲ್ಲಿ ಕಹಿಯೇನೂ ಇರಲಿಲ್ಲ.

“ಕೆಲಸ ಹೋಗಿದ್ದಕ್ಕೆ ಬೇಜಾರಿಲ್ಲ. ಆ ರೂಮಲ್ಲಿ ನೀನು ಸುಮ್ನೆ ಕೂತಿದ್ಯಲ್ಲ, ಅದಕ್ಕೆ ಬೇಜಾರಾಯ್ತು. ಇಬ್ರೂ ಹೇಳ್ತೀವಿ ಅಂದ್ಕೊಂಡಿದ್ದೆ.”

ನಾನು ಕ್ಷಮೆ ಕೇಳಿದೆ. ಅವರು ಕ್ಷಮಿಸಿದೆ ಅನ್ನಲಿಲ್ಲ. ಅನ್ನಲಿ ಎಂದು ನಾನೂ ಕಾಯಲಿಲ್ಲ. ಫೋನಿನಲ್ಲಿ ಅದು ಇದೆಯಾ, ಹಾಕು ನೋಡೋಣ ಎಂದರು. ಅಷ್ಟು ವರ್ಷ ಅವರು ಅದನ್ನು ನೋಡಿರಲಿಲ್ಲವಂತೆ. ಇಬ್ಬರೂ ಚಾಪೆಯ ಮೇಲೆ ಕೂತು ನೋಡಿದೆವು. ಎಂಟು ಜನ ಹೊರಗೆ ಬರುವಾಗ ಕ್ಯಾಮೆರಾ ಅಷ್ಟು ಓಡಾಡಬಾರದಿತ್ತು, ಸುಮ್ಮನೆ ಇಟ್ಟಿದ್ದರೆ ಸಾಕಿತ್ತು ಎಂದು ಬೈದುಕೊಂಡರು. ರಾಚಪ್ಪನವರು ಕೂತಾಗ ಮಾತ್ರ, “ಏನ್ ಕೂತಿದ್ದಾನೆ ನೋಡು,” ಅಂದರು. ನಮ್ಮಿಬ್ಬರ ಕಣ್ಣಲ್ಲೂ ನೀರಿತ್ತು. ಅದು ದುಃಖದ್ದಲ್ಲ. ಒಳ್ಳೆಯ ಕೆಲಸ ಮಾಡಿದವರಿಗೆ ಅದನ್ನು ಮತ್ತೆ ನೋಡಿದಾಗ ಬರುತ್ತದಲ್ಲ, ಅದು.

ಕಳೆದ ತಿಂಗಳು ನಗರದ ರಂಗತಂಡವೊಂದು ಆ ಸಂಚಿಕೆಯನ್ನು ಪರದೆಯ ಮೇಲೆ ತೋರಿಸಿ, ಮಾತಾಡಲು ನನ್ನನ್ನು ಕರೆಯಿತು. ಪ್ರಸಾದ್ ಸರ್ ಅವರನ್ನೂ ಕರೆದೆ. ಬರುವುದಿಲ್ಲ ಎಂದರು, ಬರಲಿಲ್ಲ. ಅಪ್ಪ ಬಂದಿದ್ದರು. ಸಂಚಿಕೆ ಮುಗಿದು ಚಪ್ಪಾಳೆ ನಿಂತ ಮೇಲೆ ನಾನು ಮೈಕ್ ಹಿಡಿದು ಇಲ್ಲಿ ಬರೆದಿರುವುದನ್ನೆಲ್ಲ ಹೇಳಿದೆ. ಯಾವುದನ್ನೂ ಬಿಡಲಿಲ್ಲ, ವೇದಿಕೆಯ ಮೇಲೆ ಚಾನೆಲ್‌ಗೆ ವಂದನೆ ಹೇಳಿದ್ದನ್ನೂ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅದು ಸರಿಯಾಗಿತ್ತು.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, ಇಷ್ಟೆಲ್ಲ ಆದ ಮೇಲೂ ಆ ದೃಶ್ಯದ ಬಗ್ಗೆ ನಿಮಗೆ ಹೆಮ್ಮೆಯಿದೆಯಾ ಎಂದು ಕೇಳಿದಳು.

ಇದೆ ಅಂದೆ. ತಡವರಿಸದೆ ಅಂದೆ.

ಅವಳು ಇನ್ನೇನೋ ಕೇಳಲು ಹೊರಟು — ಆ ಕೋಣೆಯಲ್ಲಿ ಯಾಕೆ ಬಾಯಿ ಬಿಡಲಿಲ್ಲ ಎಂದೇ ಇರಬೇಕು — ನನ್ನ ಮುಖ ನೋಡಿ ಕೂತುಬಿಟ್ಟಳು. ನಾನು ಮೈಕ್ ಕೆಳಗಿಡಲಿಲ್ಲ. ಅವಳು ಕೇಳಿದ್ದರೆ ಅದಕ್ಕೂ ಉತ್ತರ ಹೇಳಿಯೇ ಕೂರುತ್ತಿದ್ದೆ.