ಅಕ್ಕಿ ತುಂಬಿದ ಎರಡು ಲೋಟ

ಫೋನು ನೆಟ್ಟಗೆ ನಿಲ್ಲಬೇಕೆಂದರೆ ಸ್ಟೀಲ್ ಲೋಟದ ಮುಕ್ಕಾಲು ಭಾಗ ಅಕ್ಕಿ ತುಂಬಿ ಅದರಲ್ಲಿ ಊರಿದರೆ ಸಾಕು, ಗೆಳೆಯರೇ; ಅಂಗಡಿಯ ಸಲಕರಣೆ ಯಾವುದೂ ಬೇಡ. ಲಂಡನ್ನಿನ ಕ್ವೀನ್ಸ್‌ಬರಿಯ ಮಗಳ ಮನೆಯಲ್ಲಿ ಅಂಥ ಎರಡು ಲೋಟಗಳಿದ್ದವು: ಒಂದು ಮಹಡಿಯಲ್ಲಿ, ಹತ್ತು ತಿಂಗಳ ಮೊಮ್ಮಗಳು ಚಾರುವಿನ ಮಂಚದ ಪಕ್ಕ, ಇನ್ನೊಂದು ಕೆಳಗೆ ಅಡುಗೆಮನೆಯಲ್ಲಿ, ನನ್ನೆದುರು. ಎರಡರಲ್ಲೂ ಮಗಳು ಅಳಿಯ ಬಳಸಿಬಿಟ್ಟ ಹಳೆಯ ಫೋನುಗಳು, ಒಂದೇ ಬಣ್ಣದ ಜೋಡಿ. ಮೇಲಿನದು ಮಗುವನ್ನು ನೋಡುವ ಕಣ್ಣು, ಕೆಳಗಿನದು ಅದನ್ನು ನನಗೆ ತೋರಿಸುವ ಕನ್ನಡಿ.

ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು ನಾನು. ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ಹಾಜರಿ, ಗಂಟೆ ಹೊಡೆದರೆ ನಿದ್ದೆ. ಮಗಳು ಶುಭಾ ಬೆಳೆದದ್ದೂ ಆ ಗಂಟೆಗೇ. ಸೋಮವಾರದಿಂದ ಅವಳು ಪಾರ್ಕ್ ರಾಯಲ್‌ನ ಆಫೀಸಿಗೆ ಮರಳಬೇಕಿತ್ತು. ತೋಳಿನಲ್ಲಲ್ಲದೆ ಮಲಗದ ಕೂಸನ್ನು ನನಗೊಪ್ಪಿಸಿ ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಕಾರಣವನ್ನು ಒಮ್ಮೆ ಹೇಳಿಯೂಬಿಟ್ಟಳು.

"ಅಳ್ಲಿ ಅಂತ ಬಿಟ್ಬಿಡ್ತೀಯಮ್ಮ ನೀನು. ನನ್ನ ಬಿಟ್ಟಿರ್ಲಿಲ್ವಾ?"

ಶುಕ್ರವಾರ ಒಂದು ಗಂಟೆಗೆ ಚಾರುವನ್ನು ಮಲಗಿಸಿ ತಾನು ಹೊರಗೆ ಹೋಗುವುದು, ಎರಡಕ್ಕೆ ಬರುವುದು, ಫಲಿತಾಂಶ ನೋಡಿ ಸೋಮವಾರದ ತೀರ್ಮಾನ ಎಂದಳು. ಒಪ್ಪಿದೆ. ಅವಳು ಹೊಂದಿಸಿಟ್ಟಿದ್ದ ಫೋನುಗಳನ್ನು ಹತ್ತಕ್ಕೆ ಚಾರ್ಜಿಗೆ ಹಾಕುವುದು, ಬಟ್ಟೆಯಿಂದ ಒರೆಸುವುದು, ಹನ್ನೆರಡೂವರೆಗೆ ಲೋಟಗಳಲ್ಲಿ ನೆಡುವುದು ನನ್ನ ದಿನಚರಿ. ಅಂದೂ ಒಂದು ನಿಮಿಷ ಆಚೀಚೆಯಾಗದಂತೆ ನೆಟ್ಟೆ.

ಅವಳು ಮಗುವನ್ನು ಮಲಗಿಸಿ ಅವಸರದಲ್ಲಿ ಹೊರಟ ಮೇಲೆ ನೋಡಿದರೆ ನನ್ನ ಪರದೆ ಕಪ್ಪಗಿತ್ತು. ಬ್ಯಾಟರಿಯ ಉಳಿತಾಯವಿರಬೇಕು ಎಂದುಕೊಂಡೆ. ಮಹಡಿಯ ಬಾಗಿಲು ತೆರೆದೇ ಇತ್ತು, ಅಳು ಕೇಳಿದರೆ ಹದಿಮೂರು ಮೆಟ್ಟಿಲು. ಅಳು ಬರಲಿಲ್ಲ. ಕೊತ್ತಂಬರಿ ಬಿಡಿಸುತ್ತ ಆ ಕಪ್ಪು ಗಾಜಿನೊಂದಿಗೇ ಮೆಲ್ಲಗೆ ಮಾತಿಗಿಳಿದೆ. ಎದುರಿಗೆ ಮುಖವಿಲ್ಲದಾಗ ಬಾಯಿ ಎಷ್ಟು ಸಡಿಲವಾಗುತ್ತದೆಂಬುದು ನನಗೆ ಅಂದೇ ತಿಳಿದದ್ದು. ಯಾರ ಮಕ್ಕಳ ಜ್ವರಕ್ಕೋ ಓಡುತ್ತಿದ್ದವಳು, ವಾರ್ಡನ್ ತನ್ನ ಮಗಳಿಗೆ ಬೇರೆ ನಿಯಮ ಮಾಡಿಕೊಂಡಳೆಂಬ ಮಾತು ಬರಬಾರದೆಂದು, ನಿನ್ನಮ್ಮ ಅತ್ತಾಗ ಮಾತ್ರ ಒಳಗೆ ಹೋಗುತ್ತಿರಲಿಲ್ಲ ಕಣೇ ಚಾರೂ ಎಂದೆ. ಬಾಗಿಲ ಹೊರಗೆ ನಿಂತಿರುತ್ತಿದ್ದೆ, ಅಳು ನಿಲ್ಲುವವರೆಗೆ ಕದಲುತ್ತಿರಲಿಲ್ಲ ಎಂದೂ ಹೇಳಿದೆ.

ಶುಭಾ ಬೀಗದ ಕೈಯಿಂದ ಬಾಗಿಲು ತೆಗೆದು ನೇರ ಮೇಲೆ ಹೋದದ್ದು ನನಗೆ ಕೇಳಿಸಿರಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಕೆಳಗಿಳಿದು ಬಂದಳು.

"ಫೋನ್ ಅದಲುಬದಲು ಇಟ್ಟಿದೀಯ. ಮೇಲೆ ನೀನೇ ಕಾಣ್ತಿದೀಯ. ಒಂದು ಗಂಟೆಯಿಂದ ಇವಳೇ ಮಲಗ್ಕೊಂಡು ನಿನ್ನ ಕಾಯ್ತಿದಾಳೆ."

ಬಾಯಲ್ಲಿ ಹೆಬ್ಬೆರಳಿಟ್ಟುಕೊಂಡಿದ್ದ ಚಾರು ನನ್ನನ್ನೊಮ್ಮೆ, ಲೋಟವನ್ನೊಮ್ಮೆ ನೋಡಿದಳು. ಮೇಲಿನ ಫೋನಿನಲ್ಲಿ ನನ್ನ ಮಾತು ಕೇಳಿಸಿಕೊಂಡೇ ಬಂದಿದ್ದ ಶುಭಾ ಕೇಳಿದಳು.

"ನಾನು ಅಳ್ತಿದ್ದಾಗ ಬಾಗಿಲ ಹತ್ರಾನೇ ಇದ್ಯಾ?"

"ಇದ್ದೆ."

ಅವಳು ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ಸೋಮವಾರಕ್ಕೆ ತನ್ನ ಆಫೀಸಿನ ಬಟ್ಟೆ ಇಸ್ತ್ರಿ ಮಾಡಲು ಹೋದಳು.

ಕಾಯುವುದೆಂದರೆ ನೋಡುತ್ತಿರುವುದು ಎಂದೇ ನನ್ನ ಸೇವಾವಧಿಯೆಲ್ಲ ನಂಬಿದ್ದೆ. ನಾನು ಕಾಯುವ ಮಕ್ಕಳ ಕಣ್ಣಿಗೂ ನಾನು ಬೀಳುತ್ತಿರಬೇಕೆಂಬುದು ಯಾವ ನಿಯಮಾವಳಿಯಲ್ಲೂ ಇರಲಿಲ್ಲ. ಈಗ ಫೋನುಗಳೆರಡೂ ಎರಡು ಕಡೆಯನ್ನೂ ತೋರಿಸುವಂತೆ ಶುಭಾ ಬದಲಿಸಿದ್ದಾಳೆ. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಸ್ಟೂಲು ಎಳೆದು ಅಕ್ಕಿಯ ಲೋಟದ ಮುಂದೆ ಕೂರುತ್ತೇನೆ. ಚಾರು ಮಂಚದಿಂದ ಕತ್ತು ಹೊರಳಿಸಿ ನೋಡುತ್ತಾಳೆ. ಹಾಜರಿ ತೆಗೆದುಕೊಳ್ಳುವುದು ಈಗ ಅವಳ ಕೆಲಸ. ನಾನು ಕೈಯೆತ್ತಿ ತೋರಿಸುತ್ತೇನೆ.